ಪ್ರಧಾನರ ಮನೆಯ ಬೆಂಕಿ

ಸಿಟ್ಟನ್ನು ಗೆಲ್ಲುವ ಶಕ್ತಿ ಕೊಡೆಂದು ಪ್ರತಿದಿನ ಅಂಗೈಯ ಲಿಂಗವನ್ನು ನೋಡುತ್ತ ಬೇಡಿಕೊಳ್ಳುವವನು ನಾನು. ಶಿವನು ಕೊಡುತ್ತಲೂ ಇದ್ದಾನೆ. ಆದರೆ ಅವನು ಕೊಟ್ಟದ್ದು ಪೂಜೆಯ ಕೋಣೆಯ ಹೊಸ್ತಿಲವರೆಗೆ ಮಾತ್ರ ಸಾಲುತ್ತದೆ. ಅದರಾಚೆ ನಮ್ಮೂರ ಮಂಡಲ ಪಂಚಾಯಿತಿಯಿದೆ. ಆಳಂದದ ಸುತ್ತಿನ ಈ ಕರಿಮಣ್ಣಿನ ಸೀಮೆಯಲ್ಲಿ ಉರುವಲು ದುರ್ಲಭ. ತೊಗರಿಕಟ್ಟಿಗೆ ತೀರಿದ ಮೇಲೆ ಒಲೆಗೆ ಸಗಣಿ ತಟ್ಟಿ ಒಣಗಿಸಿದ ಕುಳ್ಳೇ ಗತಿ. ಕುಳ್ಳಿನ ಹೊಗೆ ಎಂಥದೆಂದು ನಾನು ಓದಿದ ಶಾಸ್ತ್ರಗಳಲ್ಲಿ ಎಲ್ಲಿಯೂ ಹೇಳಿಲ್ಲವಾದ್ದರಿಂದ ಅದು ನನಗೆ ಬಹುಕಾಲ ತಿಳಿದಿರಲಿಲ್ಲ. ನನ್ನ ಹೆಂಡತಿ ಗುರುಬಸವ್ವ ಒಂದು ದಿನ ಕೆಂಪಗಾದ ಕಣ್ಣನ್ನು ಸೆರಗಿನಿಂದ ಒತ್ತಿಕೊಳ್ಳುತ್ತ, "ಜೇವರ್ಗಿಯೊಳಗ ನಮ್ಮ ತಂಗಿ ಮನಿಗಿ ಗೋಬರ್ ಗ್ಯಾಸ್ ಬಂದದ್ರಿ. ನನಗ ಸೂಜ್ಯಾಗ ದಾರ ಹಾಕಾಕ ಬರವಲ್ದು. ನಿಮಗ ಲಿಂಗ ಬಿಟ್ರ ಏನೂ ಕಾಣವಲ್ದು" ಎಂದಾಗಲೇ ನನಗೆ ಎಚ್ಚರವಾದದ್ದು.

ಅದೇ ವರ್ಷ ಸರ್ಕಾರದವರು ನಮ್ಮೂರಿಗೆ ಗೋಬರ್ ಗ್ಯಾಸಿನ ಒಂದು ಮಾದರಿ ಘಟಕವನ್ನು ಮಂಜೂರು ಮಾಡಿದರು. ಸಗಣಿಯಿಂದ ಅಡುಗೆ, ಮಿಕ್ಕ ರಾಡಿಯಿಂದ ಹೊಲಕ್ಕೆ ಗೊಬ್ಬರ, ಊರ ಬೇವಿನ ಮರಗಳಿಗೆ ಕೊಡಲಿಯಿಂದ ಬಿಡುಗಡೆ. ಇಷ್ಟು ಸಾತ್ವಿಕವಾದದ್ದನ್ನು ಸರ್ಕಾರ ಯೋಚಿಸಿತಲ್ಲ ಎಂದು ಕೈಮುಗಿದೆ. ನಮ್ಮ ಕೊಟ್ಟಿಗೆಯಲ್ಲಿ ಆಕಳುಗಳಿವೆ, ಎಮ್ಮೆಯಿದೆ, ಒಂದು ಜೋಡಿ ಎತ್ತುಗಳಿವೆ. ಘಟಕ ನಮ್ಮ ಹಿತ್ತಲಿಗೆ ಬರಬೇಕಾದದ್ದು ನ್ಯಾಯ. ಬಂದದ್ದು ಮಂಡಲ ಪ್ರಧಾನರ ಹಿತ್ತಲಿಗೆ. ಪ್ರಧಾನರೋ, ಟ್ರ್ಯಾಕ್ಟರ್ ಕೊಂಡ ಮೇಲೆ ದನಗಳನ್ನೆಲ್ಲ ಅಫಜಲಪುರದ ಸಂತೆಗೆ ಹೊಡೆದವರು. ಅವರ ಮನೆಯಲ್ಲಿ ಅಂಗಳ ಸಾರಿಸಲಿಕ್ಕೂ ಸಗಣಿಯಿರಲಿಲ್ಲ.

ಉದ್ಘಾಟನೆಯ ದಿನ ಅವರು ಪರಿಸರವನ್ನು ಕುರಿತು ಭಾಷಣ ಮಾಡಿ, ಕುಳ್ಳು ಸುಡುವವರು ನಾಡಿಗೆ ಕೇಡು ಬಗೆಯುವವರು ಎಂದರು. ನಾನು ಎದ್ದು ನಿಂತೆ.

"ಪ್ರಧಾನರ, ಇದಕ್ಕ ಹೆಂಡಿ ಎಲ್ಲಿಂದ ತರ್ತೀರಿ? ಟ್ರ್ಯಾಕ್ಟರ್ ಹಾಕ್ತದೇನು?"

ಜನ ನಕ್ಕರು. ಪ್ರಧಾನರು ನಗಲಿಲ್ಲ. "ಗುರುಗಳ, ಸಾಹೇಬರು ನೋಡಾಕ ಬಂದ್ರ ಜೀಪ್ ನಿಲ್ಲಾಕ ಜಾಗಾ ಬೇಕಲ್ರಿ. ನಿಮ್ಮ ಓಣ್ಯಾಗ ಬಂಡಿನೂ ಹೊಳ್ಳಂಗಿಲ್ಲ."

ಯಾರ ಕಣ್ಣು ಉಳಿಯಬೇಕು, ಯಾವ ಮರ ಉಳಿಯಬೇಕು ಎಂಬುದು ಜೀಪು ನಿಲ್ಲುವ ಜಾಗದಿಂದ ನಿರ್ಧಾರವಾಗುವುದಾದರೆ ಅದು ನೀತಿಯೇ? ನಾನು ಹೆಗಲ ವಸ್ತ್ರ ಕೊಡವಿ, ನಮ್ಮ ಮನೆಯ ಸಗಣಿ ಒಂದು ಹಿಡಿಯೂ ಇವರಿಗೆ ಸಲ್ಲದು, ಆ ಬೆಂಕಿಯಲ್ಲಿ ಬೆಂದ ಒಂದು ಅಗುಳನ್ನೂ ನಾನು ಮುಟ್ಟುವವನಲ್ಲ ಎಂದು ತುಂಬಿದ ಸಭೆಯಲ್ಲಿ ಸಾರಿ ಮನೆಗೆ ಬಂದೆ.

ಅಂದಿನಿಂದ ನನ್ನ ಪೂಜೆ ದೀರ್ಘವಾಯಿತು. ಸಿಟ್ಟು ಹೆಚ್ಚಿದಷ್ಟೂ ಜಪವೂ ಹೆಚ್ಚಬೇಕಷ್ಟೆ. ಪೂಜೆ ಮುಗಿಸಿ ಹೊರಬಂದರೆ ಅಡುಗೆ ಸಿದ್ಧವಿರುತ್ತಿತ್ತು. ಬೇಳೆಗೆ ಹೊಗೆಯ ವಾಸನೆಯಿರಲಿಲ್ಲ. ಗುರುಬಸವ್ವ ಬಾಗಿಲಲ್ಲಿ ಕುಳಿತು, ದಾರ ಪೋಣಿಸಲು ಯಾರನ್ನೂ ಕರೆಯದೆ ಕೌದಿ ಹೊಲಿಯುತ್ತಿದ್ದಳು. ಎಲ್ಲವೂ ನನ್ನ ಜಪದ ಫಲವೆಂದೇ ತಿಳಿದಿದ್ದೆ.

ಒಂದು ಮಧ್ಯಾಹ್ನ ಲಿಂಗಕ್ಕೆ ಅರ್ಪಿಸಿ ಎರಡು ತುತ್ತು ಉಂಡಿದ್ದೆ. ಪ್ರಧಾನರ ಹೆಂಡತಿ ಗಡಿಗೆಯೊಂದನ್ನು ಹಿಡಿದು ಒಳಗೆ ಬಂದಳು. "ಯಕ್ಕಾ, ಪುಂಡಿಪಲ್ಯದ ಗಡಗಿ ನಮ್ಮ ಒಲಿ ಮ್ಯಾಲೇ ಬಿಟ್ಟು ಬಂದೀರಿ. ನಾಳಿಗಿ ಹೆಂಡಿ ಜರಾ ಜಾಸ್ತಿ ತರ್ರಿ, ಸಾಹೇಬರು ಬರ್ತಾರ." ಆಮೇಲೆ ನನ್ನನ್ನು ಕಂಡಳು, ಗಡಿಗೆಯಿಟ್ಟು ಸರ್ರನೆ ಹೊರಟುಹೋದಳು.

ನನ್ನ ಕೈ ಗಂಗಾಳದಲ್ಲೇ ನಿಂತಿತು. "ಇದೇನು ನಡಸೀದಿ?"

"ಹೆಂಡಿ ನಮ್ದು, ಒಲಿ ಅವರ್ದು. ಬುಟ್ಟಿ ಒಯ್ತೇನಿ, ಅಡಗಿ ಮಾಡ್ಕೊಂಡು ಬರ್ತೇನಿ. ನಿಮ್ಮ ಭಾಷಣ ಮುಗಿಯೂತನ ನನ್ನ ಕಣ್ಣು ಕಾಯ್ತಾವೇನ್ರಿ?"

"ಸಭಾದಾಗ ನಾ ಆಡಿದ ಮಾತು?"

"ಮಾತು ಹಂಗೇ ಇರ್ಲಿ. ಲಿಂಗಕ್ಕ ಕೊಟ್ಟ ಮ್ಯಾಲ ಅದು ಅಡಗಿ ಅಲ್ಲ, ಪ್ರಸಾದ, ಒಂದಗಳು ಬಿಡಬಾರ್ದು ಅಂತ ಊರಿಗೆಲ್ಲ ಹೇಳಾವ್ರು ನೀವು. ಬಿಡೋದಿದ್ರ ಬಿಡ್ರಿ, ನೋಡ್ತೇನಿ."

ಪ್ರಸಾದವನ್ನು ಬಿಡುವಂತಿರಲಿಲ್ಲ. ಆಗತಾನೆ ಬಂದ ಪುಂಡಿಪಲ್ಯ ಮಾತ್ರ ಇನ್ನೂ ಅರ್ಪಿತವಾಗಿರಲಿಲ್ಲ. ಅದನ್ನು ಬಿಡಲು ಶಾಸ್ತ್ರದ ಅಡ್ಡಿಯೇನೂ ಇರಲಿಲ್ಲ. ಅದನ್ನೂ ಅರ್ಪಿಸಿದೆ. ಎಲ್ಲವನ್ನೂ ಉಂಡು, ವಿಧಿಯಂತೆ ಗಂಗಾಳ ತೊಳೆದು ಆ ನೀರನ್ನೂ ಕುಡಿದೆ.

ದನವಿಲ್ಲದವರ ಹಿತ್ತಲಿಗೆ ಗೋಬರ್ ಗ್ಯಾಸು ಕೊಡುವ ನೀತಿಯನ್ನು ಇಂದಿಗೂ ಊರ ಕಟ್ಟೆಯ ಮೇಲೆ ಕುಳಿತು ಖಂಡಿಸುತ್ತೇನೆ, ಒಂದಕ್ಷರವನ್ನೂ ಬಿಡದೆ. ಮನೆಯಿಂದ ಹೊರಡುವ ಮುನ್ನ, ಪ್ರಧಾನರ ಮನೆಯಿಂದ ಗಡಿಗೆ ಬಂತೇ ಎಂದಷ್ಟೇ ಕೇಳಿಕೊಳ್ಳುತ್ತೇನೆ.