ಎಡೆಗೆ ಇಟ್ಟ ಕಾರು

ನನ್ನ ಗಂಡ ಚಿಕ್ಕಬಸವಯ್ಯ ಬದುಕಿದ್ದಾಗ ಕಾಡಿದ್ದು ಸಾಲದು ಎಂದು, ಸತ್ತು ಹತ್ತು ತಿಂಗಳಾದ ಮೇಲೂ ಮಾರ್ನಮಿ ಅಮಾವಾಸ್ಯೆಗೆ ಸರಿಯಾಗಿ ಕಾಡಿದರು.

ಆ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡಬೇಕು. ಇಟ್ಟು, ಬಾಗಿಲು ಮುಚ್ಚಿ, ಹೊರಗೆ ಕೂರಬೇಕು. ಅವರು ಬಂದು ಉಂಡು ಹೋದ ಮೇಲೆ ನಾವು ಉಣ್ಣಬೇಕು. ಕೋಳಿ ಸಾರು, ಮುದ್ದೆ, ಬೀಡಿ ಕಟ್ಟು, ಒಂದಿಷ್ಟು ಬ್ರಾಂದಿ ಎಂದು ಲೆಕ್ಕ ಹಾಕಿದ್ದೆ. ನಾದಿನಿ ಯಶೋಧಾ ಮೂತಿ ತಿರುಗಿಸಿದಳು.

"ನಮ್ಮಣ್ಣ ಕೋಳಿಗೆ ಬತ್ತಾನಾ? ಅವನಿಗೆ ಬೇಕಾಗಿದ್ದು ಆ ಕಾರ್ ಗೇಮು ಕಣತ್ತಿಗೆ."

ಎದೆಗೆ ಚುಚ್ಚಿತು. ಇವರು ಕಡಕೊಳದ ಫ್ಯಾಕ್ಟರಿಯಿಂದ ಬಂದು ಕಾಲು ಕೂಡ ತೊಳೆಯದೆ ಕಂಪ್ಯೂಟರ್ ಮುಂದೆ ಕೂರುತ್ತಿದ್ದರು. ಅಂಗಡಿಯವರೇ ಜೋಡಿಸಿ ಕೊಟ್ಟ ಅಗ್ಗದ ಸೆಟ್ಟು. ಅದರಲ್ಲಿ ರೇಸ್ ಕಾರು ಎತ್ತಿನಗಾಡಿಗಿಂತ ನಿಧಾನ. ಆದರೂ ಇವರು ತಿರುವು ಬಂದಲ್ಲೆಲ್ಲ ಗೋಡೆಗೆ ಗುದ್ದುತ್ತಿದ್ದರು. "ಒಂದು ಗ್ರಾಫಿಕ್ಸ್ ಕಾರ್ಡು ಹಾಕ್ಸಿದ್ರೆ ಹಾರ್ತದೆ ಪುಟ್ಟಿ" ಎನ್ನುತ್ತಿದ್ದರು. ನಾನು ಆ ದುಡ್ಡಲ್ಲಿ ಮಿಕ್ಸಿ ತಂದೆ. ಊಟಕ್ಕೆ ಕರೆದರೆ "ತಡಿ ಪುಟ್ಟಿ, ಇದೊಂದು ರೌಂಡು." ನಾನು "ಆ ಪೆಟ್ಗೆಗೇ ತಾಳಿ ಕಟ್ಬೇಕಾಗಿತ್ತು ನೀವು" ಎನ್ನುತ್ತಿದ್ದೆ. (ಈಗ ತಾಳಿ ಪೆಟ್ಟಿಗೆಗೂ ಇಲ್ಲ, ನನಗೂ ಇಲ್ಲ.)

ಕಾರ್ಡು ಕಾಣದೆಯೇ ಹೋದರು. ಅಂದಿನಿಂದ ಮಿಕ್ಸಿ ಮುಟ್ಟಿಲ್ಲ. ಚಟ್ನಿ ಒರಳಲ್ಲೇ ರುಬ್ಬುತ್ತೇನೆ.

ಲಷ್ಕರ್ ಮೊಹಲ್ಲಾದಲ್ಲಿ ಸಿದ್ದರಾಜುವಿನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದೆ.

"ಒಂದು ದಿನಕ್ಕೆ ಕಾರ್ಡು ಬಾಡಿಗೆಗೆ ಕೊಡಪ್ಪ."

"ಬಾಡಿಗೆಗೆ ಕೊಡೋಕೆ ಇದೇನು ಶಾಮಿಯಾನನಾ ಅಮ್ಮಾ?"

"ನಮ್ಮ ಯಜಮಾನ್ರು ಆಡಿ ಹೋಗ್ಲಿ, ವಾಪಸ್ ತಂದ್ಕೊಡ್ತೀನಿ."

"ಯಜಮಾನ್ರು ಎಲ್ಲವ್ರೆ?"

"ಸತ್ತೋಗವ್ರೆ."

ಸಿದ್ದರಾಜು ಒಂದು ಕಾರ್ಡು ತೆಗೆದು ಬ್ಯಾಗಿಗೆ ಹಾಕಿದ. ಬ್ಯಾಗು ಎತ್ತಿಕೊಂಡು ಕುಂಬಾರಕೊಪ್ಪಲಿನ ನಮ್ಮ ಮನೆಗೆ ಬಂದ.

ಪೆಟ್ಟಿಗೆ ಬಿಚ್ಚಿದ್ದೇ ತಕರಾರು ಶುರು. ಒಳಗಿನ ಪವರ್ ಸಪ್ಲೈ ಸಣ್ಣದಂತೆ, ಕಾರ್ಡಿಗೆ ಸಾಲದಂತೆ. ದೊಡ್ಡದು ಹಾಕಿದ. ಮುಚ್ಚಳ ಮುಚ್ಚಲಿಲ್ಲ. ಇವರ ಹಳೆಯ ಬೆಲ್ಟು ತಂದು ಬಿಗಿದೆವು. (ಇವರ ಹೊಟ್ಟೆಯೂ ಅದರಲ್ಲಿ ಹೀಗೇ ನಿಂತಿತ್ತು.)

ಅಮಾವಾಸ್ಯೆಯ ದಿನ ಫೋಟೋ ಮುಂದೆ ಎಡೆ, ಪಕ್ಕದಲ್ಲಿ ಮಹಾರಥದಂತೆ ಕಂಪ್ಯೂಟರು. ಗೇಮು ಹಾಕಿ, ಬಾಗಿಲು ಮುಚ್ಚಿ, ಜಗಲಿಯ ಮೇಲೆ ಕೂತೆವು. ಊಟಕ್ಕೆ ಕರೆದಿದ್ದ ಸಿದ್ದರಾಜುವೂ ಕೂತ.

ಒಳಗೆ ಸದ್ದಿಲ್ಲ. ಆಮೇಲೆ ಬುರ್ರ್ ಎಂದು ಕಾರು ಹೊರಟಿತು. ಕಿರ್ರ್ ಎಂದು ತಿರುಗಿತು. ಧಡಾರ್!

"ಬಂದವ್ನೆ ಅತ್ತಿಗೇ!" ಯಶೋಧಾ ನನ್ನ ಕೈ ಹಿಡಿದಳು.

ಮಣ್ಣು ಮಾಡಿದ ದಿನವೂ ಅಳದಿದ್ದ ನಾನು ಬೀದಿಗೆಲ್ಲ ಕೇಳುವಂತೆ ಅತ್ತುಬಿಟ್ಟೆ. ಸಿದ್ದರಾಜು ಮೆಲ್ಲಗೆ ಹೇಳಿದ:

"ಅಮ್ಮಾ, ಯಾರೂ ಮುಟ್ದೆ ಬುಟ್ರೆ ಗೇಮು ತಾನೇ ಓಡ್ಸಿ ತೋರಿಸ್ತದೆ."

"ತಾನೇ ಗೋಡೆಗೂ ಗುದ್ತದಾ?"

ಅವನು ತಲೆ ಕೆರೆದುಕೊಂಡ. "ಇಲ್ಲ, ಅದು ಚೆನ್ನಾಗೇ ಓಡಿಸ್ಬೇಕು..."

"ಹಂಗಾದ್ರೆ ಅವ್ರೇ" ಎಂದು ಕಣ್ಣೊರೆಸಿಕೊಂಡೆ.

ಊಟವಾಯಿತು. ಕಾರ್ಡು ಬಿಚ್ಚಿಸೋಣ ಎಂದು ಬೆಲ್ಟಿಗೆ ಕೈ ಹಾಕಿದೆ. ಯಶೋಧಾ ಅಡ್ಡ ಬಂದಳು.

"ಎಡೆ ಇಟ್ಟಿದ್ದನ್ನ ಅಂಗಡಿಗೆ ವಾಪಸ್ ಕೊಡ್ತಾರಾ? ಮನೆಯೋರೇ ಉಣ್ಬೇಕು! ಕೋಳಿ ವಾಪಸ್ ಕೊಟ್ರಾ ನೀವು?"

"ನಂಗೂ ಬ್ಯಾಡಮ್ಮ. ಸತ್ತೋರು ಮುಟ್ಟಿದ್ದನ್ನ ಯಾರಿಗೆ ಮಾರ್ಲಿ?" ಎಂದ ಸಿದ್ದರಾಜು. (ಗೇಮು ತಾನೇ ಓಡುತ್ತದೆ ಎಂದವನು ಇವನೇ.)

ಬಾಡಿಗೆ ಮಾತು ಅಲ್ಲಿಗೆ ಮುಗಿಯಿತು. ಪೂರ್ತಿ ಬೆಲೆ ಕೊಟ್ಟೆ. ಎಡೆಯದ್ದು ಉಣ್ಣದೆ ಬಿಡಬಾರದು. ಶಾಸ್ತ್ರಕ್ಕೆ ಒಂದು ತುತ್ತು ಎಂಬಂತೆ ಒಂದು ಸಲ ಆಡಿಬಿಡೋಣ ಎಂದು ಕೂತೆ.

ಅದು ಅಮಾವಾಸ್ಯೆ. ಈಗ ದೀಪಾವಳಿ ಕಳೆದಿದೆ. ಇವತ್ತು ಬೆಳಿಗ್ಗೆ ಯಶೋಧಾ ಅಡುಗೆಮನೆಯಿಂದ ಕೂಗಿದಳು:

"ಅತ್ತಿಗೇ, ಉಪ್ಪಿಟ್ಟು ಆರೋಯ್ತು! ಆ ಪೆಟ್ಗೆಗೇ ತಾಳಿ ಕಟ್ಬುಡಿ ನೀವು!"

"ತಡಿಯೇ, ಇದೊಂದು ರೌಂಡು."

ಅಂದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದೆ. ಫೋಟೋ ಕಡೆ ಕಣ್ಣು ಹೋಯಿತು. ಅಷ್ಟರಲ್ಲಿ ಕಾರು ಗೋಡೆಗೆ ಗುದ್ದಿತು.

"ನಗಬ್ಯಾಡಿ, ನಿಮ್ಮಿಂದ್ಲೇ ಆಗಿದ್ದು" ಎಂದು ಅವರನ್ನು ಬೈದು, ಮತ್ತೆ ಮೊದಲಿಂದ ಶುರು ಮಾಡಿದೆ.