ಕಾರವಾರದಲ್ಲಿ ಯಾವ ಓಣಿಯಲ್ಲಿ ಇಳಿಯುವುದು?

ಸುಳ್ಳು ಹೇಳುವುದು ತಪ್ಪು ಎಂದು ಎಲ್ಲರೂ ಹೇಳುತ್ತಾರೆ. ಅದು ಮನುಷ್ಯರನ್ನು ಎಷ್ಟು ದುಡಿಸುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಿಜ ಹೇಳಿದವರು ಹೇಳಿ ಮುಗಿಸಿ, ಕೈ ತೊಳೆದು ಮಲಗುತ್ತಾರೆ. ಸುಳ್ಳು ಹೇಳಿದವಳದು ಎಮ್ಮೆ ಕಟ್ಟಿದವಳ ಪಾಡು; ದಿನಾ ಮೇವು ಹಾಕಬೇಕು, ಮೈ ತೊಳೆಯಬೇಕು, ಬಿಟ್ಟು ಎಲ್ಲಿಗೂ ಹೋಗುವ ಹಾಗಿಲ್ಲ. ನಾನು ಒಂದು ಸುಳ್ಳನ್ನು ನಲವತ್ತು ವರ್ಷ ಸಾಕಿದ್ದೇನೆ. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಸಮುದ್ರ ನೋಡಿದ ಹೆಂಗಸು ನಾನೊಬ್ಬಳೇ ಎಂಬುದು ಆ ಸುಳ್ಳು.

ನನ್ನ ಗಂಡ ಲಾರಿ ಓಡಿಸುತ್ತಿದ್ದ. ತಾರಿಹಾಳದ ಕಾರ್ಖಾನೆಗಳಿಂದ ಮಾಲು ಹೇರಿಕೊಂಡು ಕಾರವಾರದ ಬಂದರಿಗೆ ಹೋಗಿ ಬರುತ್ತಿದ್ದ. ಮದುವೆಯಾದ ಹೊಸತರಲ್ಲಿ ಒಮ್ಮೆ ನನ್ನನ್ನೂ ಹತ್ತಿಸಿಕೊಂಡ. ಉಪ್ಪಿನಬೆಟಗೇರಿಯ ಎರೆಹೊಲಗಳ ನಡುವೆ ಬೆಳೆದವಳು ನಾನು. ನೆಲ ಸಪಾಟಾಗಿ ಇರುವುದು ದೇವರು ಮಾಡಿದ ಕಾಯಿದೆ ಎಂದುಕೊಂಡಿದ್ದೆ. ಅರಬೈಲು ಘಟ್ಟದಲ್ಲಿ ಆ ಕಾಯಿದೆ ಮುರಿಯಿತು, ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ಸೆರಗು ಹೊದ್ದು ಸೀಟಿನ ಮೇಲೆ ಬಿದ್ದುಕೊಂಡೆ. ಬಂದರಿನಲ್ಲಿ ಅವನು ಭುಜ ಅಲುಗಿಸಿ, “ಏ ಎದ್ದೇಳ, ಸಮುದ್ರ ಬಂತು ನೋಡು” ಎಂದ. “ಅಲ್ಲೇ ಇರಲಿ, ಆಮ್ಯಾಲ ನೋಡ್ತೀನಿ” ಎಂದೆ. ಮಾಲು ಇಳಿಸಿದ್ದೇ ತಡ, ಲಾರಿ ಹೊರಳಿ ಮತ್ತೆ ಘಟ್ಟ ಹತ್ತಿತು. ಆಮೇಲೆ ಎಂಬುದು ಬರಲೇ ಇಲ್ಲ. ಆ ಮನುಷ್ಯ ಸತ್ತು ಹನ್ನೆರಡು ವರ್ಷವಾಯಿತು. ಈ ಗುಟ್ಟನ್ನು ಯಾರಿಗೂ ಬಿಟ್ಟುಕೊಡದೆ ಹೋದ. ಅವನ ಒಳ್ಳೆಯತನ ಎಂದು ಹುಡುಕಿದರೆ ನನಗೆ ಸಿಗುವುದು ಇದೊಂದೇ.

ಕಾರವಾರದಿಂದ ಬಂದ ಮರುದಿನ ನಳದ ಮುಂದೆ ಕೊಡ ಹಿಡಿದು ನಿಂತಾಗ ಪಕ್ಕದ ಮನೆಯ ಗಂಗವ್ವ ಕೇಳಿದಳು, “ಹೆಂಗೈತಿ ಬೇ ಸಮುದ್ರ?” ಲಾರಿಯ ಸೀಟು ಹೇಗಿದೆ ಎಂದು ಕೇಳಿದ್ದರೆ ಹೊಲಿಗೆ ಸಹಿತ ಹೇಳುತ್ತಿದ್ದೆ. ಕಣ್ಣು ಮುಚ್ಚಿದೆ. ಎದೆಯೆತ್ತರ ಬೆಳೆದ ಬಿಳಿಜೋಳದ ಮೇಲೆ ಗಾಳಿ ಹಾಯುವುದು ಕಂಡಿತು. “ಜ್ವಾಳದ ಹೊಲ ಇದ್ದಂಗ ಐತಿ, ಆದ್ರ ಬದು ಇಲ್ಲ” ಎಂದೆ. ಗಂಗವ್ವ ಬಾಯಿ ತೆರೆದು ನಿಂತಳು. ಅವಳ ಕೊಡ ತುಂಬಿ ಹರಿಯಿತು.

ಅಂದಿನಿಂದ ಆ ಬದು ಇಲ್ಲದ ಹೊಲ ನನ್ನದಾಯಿತು. ನಾನೂ ಗಂಗವ್ವನೂ ಮಂದಿಗೆ ರೊಟ್ಟಿ ಬಡಿದು ಕೊಟ್ಟು ಬದುಕಿದವರು. ಮಧ್ಯಾಹ್ನದ ಹೊತ್ತು, ಒಲೆಯ ಝಳ ಮುಖಕ್ಕೆ ಹೊಡೆಯುವಾಗ, ಹಿಟ್ಟಿನ ಮೇಲೆ ಕೈ ತಾನಾಗಿ ತಿರುಗುತ್ತಿರುತ್ತಿತ್ತು, ನಾನು ಅಲ್ಲಿಗೆ ಹೋಗಿಬಿಡುತ್ತಿದ್ದೆ. ಬಿಳಿ ಸೀರೆಗೆ ನೀಲಿ ಹಾಕಿದ ಬಕೆಟ್ಟಿನ ಬಣ್ಣದ ನೀರು, ಕೊನೆಯೇ ಇಲ್ಲದೆ, ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತಿತ್ತು, ನಿದ್ದೆ ಹೋದ ಕೂಸಿನ ಹೊಟ್ಟೆಯ ಹಾಗೆ. ಒಂದು ವರ್ಷ ಅದರ ಮೇಲೆ ಬೆಳ್ಳಕ್ಕಿ ಹಾರಿಸಿದೆ. ಇನ್ನೊಂದು ವರ್ಷ ದೋಣಿ ಬಿಟ್ಟೆ. ಸೆಕೆ ಹೆಚ್ಚಾದ ವರ್ಷ ಮಳೆ ಸುರಿಸಿದೆ. ಗಂಗವ್ವ ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ, ರೊಟ್ಟಿ ಉಬ್ಬುತ್ತಿದ್ದವು. ಯಾರಿಗೂ ನಷ್ಟವಿರಲಿಲ್ಲ.

ಈ ವರ್ಷ ಗಂಗವ್ವನ ಮೊಣಕಾಲು ನೋವಿಗೆ ಡಾಕ್ಟರು ಒಂದು ದೊಡ್ಡ ಹೆಸರಿಟ್ಟರು. ಅವಳು ಮನೆಗೆ ಬಂದವಳೇ, “ಕಾಲು ಇರೂತನಕ ನನಗ ಸಮುದ್ರ ತೋರಸು ನೀಲವ್ವ. ಕೇಳಿ ಕೇಳಿ ಸಾಕಾಗೇತಿ” ಎಂದಳು. ಅವಳ ಸೊಸೆ ಶಾಂತಾ ಸಾಲಿ ಮಾಸ್ತರಬಾಯಿ. ಶನಿವಾರ, ರವಿವಾರ ತಾನೂ ಬರುವುದಾಗಿ ಹೇಳಿ ಮೊಬೈಲು ತೆಗೆದಳು. “ಕಾರವಾರದಾಗ ಯಾವ ಓಣ್ಯಾಗ ಇಳಿಯೋಣ್ರಿ, ದೊಡ್ಡವ್ವ? ಬೈತಖೋಲ, ಕೋಡಿಬಾಗ, ಹಬ್ಬುವಾಡ, ಕಾಜುಬಾಗ. ನೀವು ನೋಡಿದವ್ರು, ನೀವ ಹೇಳ್ರಿ.”

ನಾನು ಕಾರವಾರದಲ್ಲಿ ನೋಡಿದ್ದು ನನ್ನ ಸೆರಗಿನ ಒಳಮೈಯನ್ನು. ಆದರೂ ಬಲ್ಲವರ ಹಾಗೆ ಎಲೆಯಡಿಕೆ ಬಾಯಿಗೆ ಹಾಕಿಕೊಂಡೆ. ಬಾಯಿ ತುಂಬಿದ್ದರೆ ಉತ್ತರ ತಡವಾಗಬಹುದು. ಶಾಂತಾ ಬಿಡಲಿಲ್ಲ. “ಬಂದರು ಇರೂದು ಬೈತಖೋಲದಾಗಂತ. ದೊಡ್ಡಪ್ಪ ನಿಮ್ಮನ್ನ ಕರಕೊಂಡು ಹೋಗಿದ್ದು ಅಲ್ಲಿಗೇ ಅಲ್ರಿ?” ಎಂದಳು. “ಅಲ್ಲೆ ಬ್ಯಾಡ, ಮೀನಿನ ವಾಸನಿ” ಎಂದೆ. ಬಂದರು ಇದ್ದಲ್ಲಿ ಮೀನು ಇರಲೇಬೇಕು ಎಂಬ ಧೈರ್ಯ. “ವಿಚಾರ ಮಾಡಿ ಹೇಳ್ತೀನಿ” ಎಂದು ಇಬ್ಬರನ್ನೂ ಕಳಿಸಿದೆ. ತಪ್ಪು ಓಣಿ ಹೇಳಿದರೆ ನಲವತ್ತು ವರ್ಷದ ಮಾನ ಮಣ್ಣುಪಾಲು. ಇಡೀ ಓಣಿಯಲ್ಲಿ ನನಗೆ ಇದ್ದ ಒಂದೇ ಪದವಿ ಅದು.

ಎರಡು ದಿನ ಮಧ್ಯಾಹ್ನ ಕಟ್ಟೆಯ ಮೇಲೆ ಅಡ್ಡಾಗಿ ಆ ಹೆಸರುಗಳನ್ನೇ ಬಾಯಲ್ಲಿ ಹೊರಳಿಸಿದೆ. ಕೋಡಿಬಾಗ ಎಂದರೆ ಹೊಳೆಯೊಂದು ದೂರದಿಂದ ಬಂದು, ಇನ್ನು ನಡೆಯುವುದು ಸಾಕು ಎಂದು ಕಾಲು ಚಾಚಿ ಕೂತ ಹಾಗೆ ಕಂಡಿತು. ಕಾಜುಬಾಗದಲ್ಲಿ ಪರದೆ ಹಾರುವ ದೊಡ್ಡ ಕಿಟಕಿಗಳು. ಪ್ರತಿ ಕಿಟಕಿಯಲ್ಲಿ ಒಬ್ಬೊಬ್ಬ ಮುದುಕಿ, ಯಾರಿಗೂ ರೊಟ್ಟಿ ಬಡಿಯುವ ಗೊಡವೆಯಿಲ್ಲದೆ ನೀರು ನೋಡುತ್ತ ಕೂತಿದ್ದಳು. ಹಬ್ಬುವಾಡ ಎಂದಾಗ ಮಾತ್ರ ಏನೂ ಕಾಣಲಿಲ್ಲ, ತಣ್ಣನೆಯ ನೆರಳೊಂದು ಮುಖದ ಮೇಲೆ ಬಂತು. ಕಣ್ಣು ತೆರೆದರೆ ನಿಜವಾಗಿಯೂ ನೆರಳೇ, ಗಂಗವ್ವ ನಿಂತಿದ್ದಳು. “ವಿಚಾರ ಮಾಡಾಕತ್ತಿಯೇನು, ಗೊರಕಿ ಹೊಡ್ಯಾಕತ್ತಿಯೇನು?”

ಕೊನೆಗೆ ನನಗೆ ಗೊತ್ತಿದ್ದ ಒಂದೇ ವಿದ್ಯೆಗೆ ಕೈ ಹಾಕಿದೆ. ಹುಬ್ಬಳ್ಳಿಯಲ್ಲಿ ಮನೆ ಹಿಡಿಯುವವರು ಗಾಳಿ ಬೆಳಕು ಕೇಳುವುದಿಲ್ಲ. ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಕೇಳುತ್ತಾರೆ. ಐದು ದಿನಕ್ಕೊಮ್ಮೆ ಬರುವ ಓಣಿಯ ಹುಡುಗಿ ಎಂಟು ದಿನಕ್ಕೊಮ್ಮೆ ಬರುವ ಓಣಿಗೆ ಸೊಸೆಯಾಗಿ ಹೋಗಲು ಎರಡು ಸಲ ಯೋಚಿಸುತ್ತಾಳೆ. ಶಾಂತಾಳ ಮೊಬೈಲಿನಿಂದ ಒಂದೊಂದೇ ಓಣಿಯ ರೂಮು ಕೊಡುವವರಿಗೆ ಫೋನು ಮಾಡಿಸಿದೆ. ಕೋಡಿಬಾಗದವನು, “ಕಿಟಕಿ ತೆಗೆದ್ರೆ ಎದುರಿಗೇ ಸಮುದ್ರ ಅಜ್ಜಿ” ಎಂದ. “ಅದಿರಲಿ ಬಿಡಪ್ಪ, ನೀರು?” ಎಂದೆ. ಅವನು ಗಲಿಬಿಲಿಗೊಂಡು, “ಕಡಿಮೆ ಬಿದ್ದರೆ ಟ್ಯಾಂಕರ್ ತರಿಸ್ತೇವೆ” ಎಂದ. ಟ್ಯಾಂಕರ್ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಗಂಗವ್ವ ಫೋನು ಕಸಿದು ಇಟ್ಟಳು. ಕಾಜುಬಾಗದಲ್ಲಿ ರೂಮೇ ಖಾಲಿಯಿರಲಿಲ್ಲ. ಹಬ್ಬುವಾಡದ ಮನೆಯ ಯಜಮಾನಿ ಮಾತ್ರ ನಕ್ಕು, “ಹಿತ್ತಲಲ್ಲಿ ಬಾವಿ ಇದೆಯಲ್ಲ, ಯಾವಾಗ ಬೇಕಾದ್ರೂ ಸೇದ್ಕೊಳ್ಳಿ” ಎಂದಳು. ಯಾವಾಗ ಬೇಕಾದರೂ! ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಲ್ಲಿಂದ ಸಮುದ್ರ ಕಾಣುತ್ತದೆಯೇ ಎಂದು ಕೇಳುವುದು ಯಾರಿಗೂ ಹೊಳೆಯಲಿಲ್ಲ.

ಶನಿವಾರ ಮಧ್ಯಾಹ್ನ ಹಬ್ಬುವಾಡದಲ್ಲಿ ಇಳಿದೆವು. ಸಮುದ್ರ ಕಾಣಲಿಲ್ಲ. ತೆಂಗಿನ ಮರ, ಹಂಚಿನ ಮನೆ, ಹಿತ್ತಲಲ್ಲಿ ಬಾವಿ. ಬಗ್ಗಿದರೆ ಮುಖ ಕಾಣುವಷ್ಟು ಮೇಲೆ ನೀರು, ಕಪ್ಪಗೆ, ಸುಮ್ಮನೆ, ಯಾರ ಪಾಳಿಯನ್ನೂ ಕಾಯದೆ ಕೂತಿತ್ತು. ಗಂಗವ್ವ ಒಂದು ಕೊಡ ಸೇದಿ ಕಾಲಿಗೆ ಸುರುವಿಕೊಂಡಳು. ಆಮೇಲೆ ಇನ್ನೊಂದು. ಶಾಂತಾ ಬಸ್ಸಿನ ಧೂಳು ಹಿಡಿದ ಸೀರೆ ಒಗೆದಳು. ಗಂಗವ್ವ ಬುತ್ತಿ ಕಟ್ಟಿದ ಅರಿವೆಗಳನ್ನು ಒಗೆದಳು, ಮತ್ತೆ ಬುತ್ತಿ ಕಟ್ಟಿರದ ಅರಿವೆಗಳನ್ನೂ ಒಗೆದಳು. ಒಗೆಯಲು ಏನೂ ಉಳಿಯದಾದಾಗ ನಾನು ಯಜಮಾನಿಗೆ, “ನಿಮ್ಮ ಕಿಡಕಿ ಪರದೆ ಕೊಡ್ರಿ, ಕೊಳಿ ಆಗ್ಯಾವ” ಎಂದೆ. ಆ ಹೆಂಗಸು ಬೆಪ್ಪಾಗಿ ತೆಗೆದುಕೊಟ್ಟಳು. ನಡುವೆ ಶಾಂತಾ, “ಸಮುದ್ರಕ್ಕ ಹೋಗೂದಿಲ್ಲೇನ್ರಿ?” ಎಂದಳು. “ಅದೇನು ಓಡಿ ಹೋಗತೈತಿ?” ಎಂದೆ ನಾನೇ. ಎಷ್ಟು ಹೊತ್ತು ಪರದೆ ಒಗೆದೆನೋ ಅಷ್ಟು ಹೊತ್ತು ನನ್ನ ಮಾನ ಉಳಿಯಿತು. ಸಂಜೆ ಒದ್ದೆ ಪರದೆಗಳ ನಡುವೆ ಕೂತಿದ್ದಾಗ ಎಲ್ಲಿಂದಲೋ ಉಪ್ಪಿನ ಗಾಳಿ ಬಂದು ಅವುಗಳನ್ನು ಎತ್ತಿ ಎತ್ತಿ ಇಳಿಸಿತು. ನನಗೆ ಅಷ್ಟೇ ಸಾಕಿತ್ತು. ಅಲ್ಲಿಂದಲೇ ಊರಿಗೆ ಹೊರಳುತ್ತಿದ್ದೆ.

ಗಂಗವ್ವ ಬಿಡಬೇಕಲ್ಲ. ರವಿವಾರ ಬೆಳಕು ಹರಿಯುವ ಮೊದಲೇ ನನ್ನನ್ನು ಎಬ್ಬಿಸಿದಳು. “ಲಗೂ ಏಳ. ಸೂರ್ಯಾ ನೀರಾಗಿಂದ ಎದ್ದು ಬರೂದು ನೋಡಬೇಕು. ತವೆ ಮ್ಯಾಲಿನ ರೊಟ್ಟಿ ಉಬ್ಬಿದಂಗ ಬರ್ತಾನ ಅಂತ ನೀನ ಹೇಳಿದ್ದೆಲ್ಲಾ.” ಹೇಳಿದ್ದೆನೋ ಏನೋ; ನಲವತ್ತು ವರ್ಷದಲ್ಲಿ ಏನೇನು ಹೇಳಿರುತ್ತೇನೆ.

ಆಟೋ ಇಳಿದು ಮರಳಲ್ಲಿ ಹತ್ತು ಹೆಜ್ಜೆ ಹೋಗಿರಬಹುದು. ಅದು ಇತ್ತು.

ಅದು ಜೋಳದ ಹೊಲದ ಹಾಗೆ ಇರಲಿಲ್ಲ. ನೀಲಿ ಹಾಕಿದ ನೀರಿನ ಹಾಗೂ ಇರಲಿಲ್ಲ. ಬೂದಿಯ ಬಣ್ಣಕ್ಕಿತ್ತು, ಎಷ್ಟಿತ್ತೆಂದರೆ ಅಷ್ಟಿತ್ತು. ಒಂದು ಕಡೆಯಿಂದ ನೋಡುತ್ತ ಹೋದರೆ ಇನ್ನೊಂದು ಕಡೆ ಮುಟ್ಟುವಷ್ಟರಲ್ಲಿ ಮೊದಲು ನೋಡಿದ್ದು ಬದಲಾಗಿರುತ್ತಿತ್ತು. ನಾನು ಹಾರಿಸಿದ ಬೆಳ್ಳಕ್ಕಿ, ಬಿಟ್ಟ ದೋಣಿ, ಸುರಿಸಿದ ಮಳೆ ಎಲ್ಲವೂ ಅದರ ಒಂದು ಮೂಲೆಗೆ ಸಾಲುತ್ತಿರಲಿಲ್ಲ. ಮೂವರೂ ನೀರಿಗೆ ಮುಖ ಮಾಡಿ ಕೂತು ಸೂರ್ಯನನ್ನು ಕಾದೆವು. ಕಾದೆವು. ಬೆಳಕಾಯಿತು. ಆಮೇಲೆ ನಮ್ಮ ಬೆನ್ನು ಬೆಚ್ಚಗಾಯಿತು. ಹೊರಳಿ ನೋಡಿದರೆ ಸೂರ್ಯ ಹಿಂದಿನ ಗುಡ್ಡದ ಮೇಲೆ, ತಡವಾಗಿ ಸಾಲಿಗೆ ಬಂದ ಹುಡುಗನ ಹಾಗೆ ಇಣುಕುತ್ತಿದ್ದ.

ಶಾಂತಾ ಮಾಸ್ತರಬಾಯಿ, ಅವಳಿಗೆ ಮೊದಲೇ ಗೊತ್ತಿತ್ತು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಗಂಗವ್ವ ನಿಧಾನಕ್ಕೆ ನನ್ನ ಕಡೆ ತಿರುಗಿದಳು. “ನೀಲವ್ವ, ನೀ ಬಂದಾಗೂ ಹಿಂಗ ಇತ್ತೇನು?”

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಮುಹೂರ್ತ ಸಿಗುತ್ತಿರಲಿಲ್ಲ. ಬಾಯಿ ತೆರೆದೆ.

“ಆಗ ಇಷ್ಟು ದೊಡ್ಡದಿರಲಿಲ್ಲ” ಎಂದೆ.

“ಸೂರ್ಯಾ?”

“ಅವನದು ನನಗ ಗೊತ್ತಿಲ್ಲ.”

ಗಂಗವ್ವ ನಕ್ಕಳು. ಮರಳ ಮೇಲೆ ಕೈ ಊರಿಕೊಂಡು, ಕೆಮ್ಮುತ್ತ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಸುಡಗಾಡಗಿತ್ತಿ, ನಲವತ್ತು ವರ್ಷ ನನ್ನ ರೊಟ್ಟಿ ಹೊತ್ತಿಸಿದೆಲ್ಲಾ!” ಎಂದಳು. ಆಮೇಲೆ ಸೀರೆ ಮೊಣಕಾಲಿಗೆ ಎತ್ತಿ, ಡಾಕ್ಟರು ಹೆಸರಿಟ್ಟ ಕಾಲನ್ನು ನೀರಿನಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತಳು. ನಾನೂ ಕೂತೆ. ಒಂದು ತಾಸಿನ ತನಕ ಹೇಳುವುದು ಕೇಳುವುದು ಬಿಟ್ಟು ಬರೀ ನೋಡಿದೆವು. ನಮ್ಮಿಬ್ಬರಿಗೂ ಅದು ಹೊಸದು.

ಊರಿಗೆ ಬಂದ ಮೇಲೆ ಅವಳು ನನ್ನ ಮಾನ ಕಳೆಯುತ್ತಾಳೆಂದು ಕಾದೆ. ನಳದ ಮುಂದೆ ಹೆಂಗಸರು ಸುತ್ತುಗಟ್ಟಿದಾಗ ಅವಳು, “ನೀಲವ್ವ ನೋಡಿ ಬಂದ ಮ್ಯಾಲ ಭಾಳ ಬೆಳದೈತ್ರಿ ಸಮುದ್ರ” ಎಂದು ಕೊಡ ಎತ್ತಿಕೊಂಡು ಹೊರಟಳು. ಬೈಗುಳವೋ ಸಹಾಯವೋ ನನಗೆ ಇನ್ನೂ ತಿಳಿದಿಲ್ಲ. ಸುದ್ದಿ ಮಾತ್ರ ಓಣಿಯ ತುದಿ ಮುಟ್ಟಿತು. ಮೊನ್ನೆ ಶಾಂತಾ ಸಾಲಿಯಿಂದ ಬಂದವಳು ನಮ್ಮ ಕಟ್ಟೆಯ ಮುಂದೆ ನಿಂತು, “ದೊಡ್ಡವ್ವ, ನಮ್ಮ ಪಾಠದಾಗ ಬರದಾರ್ರಿ. ಸಮುದ್ರ ಖರೇನ ಏರಾಕತ್ತೈತಂತ!” ಎಂದಳು. ಕಟ್ಟೆಯ ಮೇಲೆ ನಾಲ್ಕು ಮಂದಿ ಹೆಂಗಸರು ಇದ್ದರು, ಎಲ್ಲರೂ ನನ್ನ ಮುಖ ನೋಡಿದರು. ನಾನು ಎಲೆಗೆ ಸುಣ್ಣ ಹಚ್ಚುತ್ತ, “ಏರಬೇಕ, ನಾ ಕಂಡಿಲ್ಲೇನು” ಎಂದೆ.

ಮುಂದಿನ ವರ್ಷ ಶಾಂತಾಳಿಗೆ ಕಲಿಸಲು ಮೇಲಿನ ಇಯತ್ತೆ ಕೊಡುತ್ತಾರಂತೆ. ಅದರ ಪುಸ್ತಕ ದಪ್ಪ ಇರುತ್ತದಂತೆ. ಸೂರ್ಯ ದಿಕ್ಕು ಬದಲಿಸಿದ್ದೂ ಅದರಲ್ಲಿ ಇದೆಯೋ ನೋಡಬೇಕು.