ಸಕ್ಕರೆ ಕಾಯಿಲೆಗೆ ಹತ್ತು ಪ್ರಶ್ನೆ

ಸಕ್ಕರೆ ಕಾಯಿಲೆ ವಿಚಾರಿಸೋಕೆ ಹೋದರೆ ಜನ ಮೊದಲು ಸಕ್ಕರೆ ಸುರಿದ ಕಾಫಿ ಕೊಡ್ತಾರೆ, ಆಮೇಲೆ ಸುಳ್ಳು ಹೇಳ್ತಾರೆ. ಎಂಬತ್ತರ ದಶಕದಲ್ಲಿ ರಾಜಾಜಿನಗರದ ಸಣ್ಣ ಕ್ಲಿನಿಕ್ಕೊಂದರಲ್ಲಿ ನಾನು ನರ್ಸ್. ನಮ್ಮ ಡಾಕ್ಟರು ಹತ್ತು ಪ್ರಶ್ನೆಗಳ ಫಾರಂ ಅಚ್ಚು ಹಾಕಿಸಿ, "ಮನೆಮನೆಗೆ ಹೋಗಿ ಸಿಸ್ಟರ್. ಅನುಮಾನ ಬಂದವರಿಗೆ ಮೂತ್ರ ತರೋಕೆ ಹೇಳಿ" ಅಂದಿದ್ದರು.

೧. ತೂಕ

ಮೊದಲನೇ ಮನೆಯ ಯಜಮಾನರಿಗೆ ತಮ್ಮ ತೂಕ ಗೊತ್ತಿರಲಿಲ್ಲ. ಪಾಪ, ಚಪ್ಪಲಿ ಮೆಟ್ಟಿ ಎದುರಿನ ಸೌದೆ ಡಿಪೋಗೆ ಹೋಗಿ ತಕ್ಕಡಿ ಮೇಲೆ ಕೂತೇಬಿಟ್ಟರು. ಬಂದು "ಎಂಬತ್ತೆರಡು ಕೆಜಿ" ಅಂದರು.

ಹೆಂಡತಿ ಅಡುಗೆಮನೆಯಿಂದಲೇ ಕೂಗಿದರು: "ಎಂಬತ್ತು ಅಂತ ಬರ್ಕೊಳ್ಳಿ ಸಿಸ್ಟರ್! ಆ ಡಿಪೋದವನ ತಕ್ಕಡೀಲಿ ಯಾವಾಗ್ಲೂ ಎರಡು ಕೆಜಿ ಮೋಸ!"

೨. ಬಾಯಾರಿಕೆ

ಪಕ್ಕದ ಮನೆಯಲ್ಲಿ ಅಜ್ಜಿ, ಹೊಸ ಸೊಸೆ ಇಬ್ಬರೇ ಇದ್ದರು. "ಬಾಯಾರಿಕೆ ಜಾಸ್ತೀನಾ ಅಜ್ಜಿ?" ಅಂದೆ. "ಇಲ್ಲಮ್ಮ" ಅನ್ನುವಷ್ಟರಲ್ಲಿ ಎರಡು ಚೊಂಬು ನೀರು ಖಾಲಿ.

"ಸಿಹಿ ತಿಂತೀರಾ?"

"ಮುಟ್ಟೋದೇ ಇಲ್ಲ." ಸೊಸೆ ಸೆರಗು ಬಾಯಿಗೆ ಹಿಡಿದು ನಕ್ಕಳು.

ನಾಳೆ ಬಾಟ್ಲಿಯಲ್ಲಿ ಮೂತ್ರ ತನ್ನಿ ಅಂದೆ. ಅಜ್ಜಿಯ ಮುಖ ಸಣ್ಣಗಾಯಿತು. "ಕಾಯಿಲೆ ಅಂದ್ಬಿಟ್ರೆ ಹಬ್ಬಕ್ಕೂ ಒಬ್ಬಟ್ಟಿಲ್ವಾ?"

೩. ಇಟ್ಟಿಗೆ ಕೆಂಪು

ಮರುದಿನ ಅತ್ತೆ ಸೊಸೆ ಬಾಟ್ಲಿ ಹಿಡಿದು ಬಂದರು. ನೀಲಿ ದ್ರಾವಣಕ್ಕೆ ಎಂಟು ಹನಿ ಹಾಕಿ ಕಾಯಿಸಿದೆ. ಸಕ್ಕರೆ ಇಲ್ಲದಿದ್ದರೆ ಅದು ನೀಲಿಯಾಗಿಯೇ ಇರಬೇಕು. ಇದು ಇಟ್ಟಿಗೆ ಕೆಂಪಾಯಿತು.

"ತುಂಬಾ ಸಕ್ಕರೆ ಇದೆ ಅಜ್ಜಿ" ಅಂದಿದ್ದೇ ತಡ, ಗೊಳೋ ಅಂತ ಅತ್ತರು. "ಅಯ್ಯೋ, ಅದು ನಂದಲ್ಲ ಕಣಮ್ಮ! ಒಬ್ಬಟ್ಟಿನ ಆಸೆಗೆ ಸೊಸೇದು ತಂದೆ. ಬಾಳಿ ಬದುಕಬೇಕಾದ ಹುಡುಗಿ. ಆ ಕಾಯಿಲೆ ನನ್ನ ಹೆಸರಿಗೇ ಬರ್ಕೊಂಡ್ಬಿಡಿ!"

ಸೊಸೆಯೂ ಅತ್ತೆಯ ಕೈ ಹಿಡಿದು ಅಳತೊಡಗಿದಳು. ನನಗೂ ಕಣ್ಣು ತುಂಬಿ ಬಂತು. ಯಾಕೋ ಅನುಮಾನ ಬಂದು ಬಾಟ್ಲಿ ಮೂಸಿದೆ. ಜೇನುತುಪ್ಪ!

"ಇದನ್ನ ತೊಳೆದಿದ್ರಾ ಅಜ್ಜಿ?"

"ಸೆರಗಲ್ಲಿ ಒರೆಸಿದ್ನಲ್ಲಮ್ಮ."

ಕ್ಲಿನಿಕ್ಕಿನ ಬಾಟ್ಲಿ ಕೊಟ್ಟು ಇಬ್ಬರದ್ದೂ ಮತ್ತೆ ಪರೀಕ್ಷೆ ಮಾಡಿದೆ. ಒಂದು ನೀಲಿ, ಒಂದು ಕೆಂಪು. ಹೇಗೆ ಹೇಳಲಿ ಅಂತ ನಾನು ತಡವರಿಸುತ್ತಿದ್ದರೆ ಅಜ್ಜಿಯೇ ಕೇಳಿದರು, "ಕೆಂಪು ಯಾರದಮ್ಮ?"

"ನಿಮ್ದೇ ಅಜ್ಜಿ."

"ಸದ್ಯ, ದೇವರು ಕಣ್ಣು ಬಿಟ್ಟ!" ಅಂತ ಕೈ ಮುಗಿದರು. ಅಷ್ಟು ಸಂತೋಷದಿಂದ ಆ ಕಾಯಿಲೆಯನ್ನು ಬರಮಾಡಿಕೊಂಡವರನ್ನು ನಾನು ಮತ್ತೆ ನೋಡಿಲ್ಲ.

ಮೆಟ್ಟಿಲು ಇಳಿಯುತ್ತಾ ಸೊಸೆಗೆ ಹೇಳುತ್ತಿದ್ದರು: "ಇನ್ಮೇಲೆ ನನ್ನ ಪಾಲಿನ ಒಬ್ಬಟ್ಟೂ ನೀನೇ ತಿನ್ನು ಕಣೇ. ನಾನು ಎದುರಿಗೆ ಕೂತು ನೋಡ್ತೀನಿ, ಅಷ್ಟೇ ಸಾಕು." ಎರಡು ಮೆಟ್ಟಿಲು ಇಳಿದು, ನನಗೆ ಕೇಳಿಸದು ಅಂದುಕೊಂಡು ಸೇರಿಸಿದರು: "ಅಂಚು ಮಾತ್ರ ಮುರಿದು ಕೊಡು."